ಸದನದಲ್ಲಿ ಅರ್ಧ ಓದಿದ ಪತ್ರ

ಬರ್ಮಿಂಗ್‌ಹ್ಯಾಮ್
17 ಅಕ್ಟೋಬರ್ 1964, ಶನಿವಾರ

ಮಲಾಕಿ,

ಗೆದ್ವಿ ಕಣೋ, ನಮ್ಮ ದುಡಿಯೋರ ಪಕ್ಷ ಗೆದ್ತು. ಹದಿಮೂರು ವರ್ಷ ಆದ್ಮೇಲೆ ಈ ದೇಶದಲ್ಲಿ ಸರ್ಕಾರ ಬದಲಾಯ್ತು. ಕೂದಲೆಳೆ ಅಂತರದಲ್ಲಿ ಗೆದ್ದಿದ್ದು, ಆದ್ರೂ ಗೆಲುವು ಗೆಲುವೇ. ನಿನ್ನಕ್ಕನ ಕಾಲು ನೀನು ನೋಡಬೇಕಿತ್ತು. ಆರು ವಾರ, ಬಸ್ಸಿನ ಡ್ಯೂಟಿ ಮುಗಿಸಿ, ಟಿಕೆಟ್ ಮೆಷಿನ್ ಗ್ಯಾರೇಜಲ್ಲಿ ಒಪ್ಪಿಸಿ, ಮನೆಗೂ ಹೋಗದೆ ವೋಟು ಕೇಳ್ತಾ ಬೀದಿ ಬೀದಿ ಬಾಗಿಲು ತಟ್ಟಿದೀನಿ. ನನ್ನ ಗಂಡ ವಾಲ್ಟರ್ ಬದುಕಿದ್ದಿದ್ರೆ ನಿನ್ನೆ ಕುಡಿದು ಹಾಡ್ತಿದ್ದ. ಅವನ ಫೋಟೋ ಮುಂದೆ ನಾನೇ ಒಂದು ಗ್ಲಾಸ್ ಕುಡಿದೆ.

ನೀನು ಅಲ್ಲಿ ನಿಮ್ಮ ಐರ್ಲೆಂಡಿನ ಸಂಸತ್ತಲ್ಲಿ ಈ ಹೊಸ ಸರ್ಕಾರದ ಬಗ್ಗೆ ಏನಾದ್ರೂ ಒಳ್ಳೆ ಮಾತಾಡು. ಪಕ್ಕದ ಮನೇಲಿ ಹೊಸಬರು ಬಂದಾಗ ಬೇಲಿ ಹತ್ರ ಹೋಗಿ ಒಂದು ಮಾತಾಡ್ಸೋದಿಲ್ವೇ, ಹಾಗೆ.

ಇನ್ನೊಂದು ವಿಷಯ. ಇದು ನಿನಗೆ ಮಾತ್ರ ಹೇಳ್ತಿರೋದು. ಮೂರನೇ ವಾರ ಒಂದು ಮನೆ ಬಾಗಿಲು ತಟ್ಟಿದೆ. ನನ್ನ ವಯಸ್ಸಿನ ಹೆಂಗಸು ಬಾಗಿಲು ತೆಗೆದ್ಲು. ನಾನು ಬಾಯಿ ಬಿಟ್ಟಿದ್ದೇ ತಡ, ನನ್ನ ಮಾತಿನ ಧಾಟಿ ಕೇಳಿ, "ನಮಗೆ ಯಾರು ಬೇಕು ಅಂತ ಐರ್ಲೆಂಡಿನವರು ಬಂದು ಹೇಳಿಕೊಡಬೇಕಾ?" ಅಂತ ಮುಖದ ಮೇಲೇ ಬಾಗಿಲು ಹಾಕಿದ್ಲು. ಅದು ಹೋಗ್ಲಿ. ನಮ್ಮ ವಾರ್ಡಿನ ಕಾರ್ಯದರ್ಶಿ ಪೆಗ್ಲರ್ ಪಕ್ಕದಲ್ಲೇ ಇದ್ದ. ಮೆಟ್ಟಿಲು ಇಳೀತಾ, "ಮಿಸೆಸ್ ಹ್ಯಾಲಮ್, ಇನ್ಮೇಲೆ ನೀವು ಪ್ರಚಾರದ ಕಾಗದ ಹಿಡ್ಕೊಳಿ, ಮಾತಾಡೋದನ್ನ ಜೋನ್ ನೋಡ್ಕೋತಾಳೆ" ಅಂದ. ಅವತ್ತಿಂದ ಮೂರು ವಾರ ನಾನು ಬಾಯಿ ಮುಚ್ಕೊಂಡು ಕಾಗದ ಹಿಡ್ಕೊಂಡಿದ್ದೆ, ಮಲಾಕಿ. ಹದಿನೇಳು ವರ್ಷ ಈ ಊರಿನ ಬಸ್ಸಲ್ಲಿ ಇವರಿಗೆ ಟಿಕೆಟ್ ಕೊಟ್ಟಿದೀನಿ.

ಇಷ್ಟಾದ್ರೂ ಯಾಕೆ ಅವರ ಕಾಗದ ಹಂಚಿದೆ ಅಂತ ಕೇಳ್ತೀಯ. ಹೇಳ್ತೀನಿ, ಕೋಪ ಮಾಡ್ಕೋಬೇಡ. ನಲವತ್ತೇಳರಲ್ಲಿ ಕಿಲ್‌ಡೆರೀನ್ ಸ್ಟೇಷನ್ನಲ್ಲಿ ನಾವು ಹನ್ನೊಂದು ಹುಡುಗೀರು ಕೆಲಸ ಹುಡುಕ್ಕೊಂಡು ಇಂಗ್ಲೆಂಡಿಗೆ ಹೊರಟು ಪೆಟ್ಟಿಗೆ ಹಿಡ್ಕೊಂಡು ನಿಂತಿದ್ವಿ. ಅದೇ ರೈಲಿನ ಫಸ್ಟ್ ಕ್ಲಾಸಲ್ಲಿ ನಮ್ಮ ಕ್ಷೇತ್ರದ ಸಂಸದರು ಡಬ್ಲಿನ್‌ಗೆ ಹೊರಟಿದ್ರು. ಟೋಪಿ ಎತ್ತಿದ್ರು. ಎಲ್ಲಿಗಮ್ಮಾ, ಯಾಕಮ್ಮಾ ಅಂತ ಒಂದು ಮಾತು ಕೇಳ್ಲಿಲ್ಲ. ನಾವು ಹೋದಷ್ಟೂ ಅವರಿಗೆ ನಿರಾಳ. ಕೆಲಸ ಕೇಳೋ ಬಾಯಿ ಕಮ್ಮಿ, ಸಿಟ್ಟಲ್ಲಿ ಅವರ ವಿರುದ್ಧ ಬೀಳೋ ವೋಟು ಕಮ್ಮಿ. ಈಗ ಅದೇ ರೈಲಲ್ಲಿ ನೀನು ಹೋಗ್ತೀಯ. ನಿಮ್ಮ ಸದನದ ಆ ಕಡೆಯವರಾಗ್ಲಿ ಈ ಕಡೆಯವರಾಗ್ಲಿ, ಬ್ರಿಟನ್ನನ್ನ ಬೈಯೋದು ಒಂದು ಕಲಿತಿದೀರಿ. ನಮ್ಮನ್ನ ಇಲ್ಲಿಗೆ ಕಳಿಸಿದ್ದು ಯಾರು ಅಂತ ಯಾರೂ ಎದ್ದು ಹೇಳಿಲ್ಲ. ಪೆಗ್ಲರ್ ನನಗೆ ಬಾಯಿ ಮುಚ್ಚು ಅಂದ, ಸರಿ. ಆದ್ರೆ ಅವನು ನನ್ನ ಮನೆ ಬಾಗಿಲಿಗೆ ಬಂದು, "ನಿಮಗೇನು ಬೇಕು?" ಅಂತಾದ್ರೂ ಕೇಳಿದ್ದ.

ನಿನ್ನ ಹೆಂಡತಿ ಐಲೀಶ್‌ಗೆ ನನ್ನ ನೆನಪು ಹೇಳು. ಮಗಳು ಮೋಯಾಗೆ ಅತ್ತೆಯ ಮುತ್ತು. ಬೂಟಿನ ಕಾರ್ಖಾನೇಲಿ ಅವಳಿಗೆ ಇನ್ನೂ ಹೊಲಿಗೆ ಮೆಷಿನ್ನೇನಾ, ಆಫೀಸಿಗೆ ಹಾಕಿದ್ರಾ?

ಡಿಂಪ್ನಾ

*

ಕಿಲ್‌ಡೆರೀನ್
23 ಅಕ್ಟೋಬರ್ 1964

ಅಕ್ಕ,

ನಿನ್ನ ಪತ್ರ ಬಂದ ಮರುದಿನವೇ ಇಲ್ಲಿಯ ಪುರಭವನದಲ್ಲಿ ಸಭೆಯಿತ್ತು. ನೀನು ಹೇಳಿದಂತೆಯೇ ಮಾಡಿದೆ. ವಿರೋಧ ಪಕ್ಷದ ಕೊನೆಯ ಬೆಂಚಿನವನ ಮಾತಿಗೆ ಡಬ್ಲಿನ್ನಿನಲ್ಲಿ ಬೆಲೆಯಿಲ್ಲದಿರಬಹುದು, ಆದರೆ ನಮ್ಮೂರಿನಲ್ಲಿ ಕಿವಿಗಳಿವೆ. ಲಂಡನ್ನಿನ ಹೊಸ ಸರ್ಕಾರ ದುಡಿಯುವವರ ಕಷ್ಟ ಬಲ್ಲದ್ದು, ಅದರ ಬೆನ್ನಿಗೆ ನಮ್ಮವರೇ ಸಾವಿರಾರು ಮಂದಿ ನಿಂತಿದ್ದಾರೆ, ಇನ್ನು ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವ ಕಾಲ ಮುಗಿಯಿತು ಎಂದೆ. ಚಪ್ಪಾಳೆ ಎಷ್ಟು ಹೊತ್ತು ನಿಲ್ಲಲಿಲ್ಲ ಗೊತ್ತೇ? ಊರಿನ ವಾರಪತ್ರಿಕೆ ಮೊದಲ ಪುಟದಲ್ಲಿ ಹಾಕಿದೆ. ನನ್ನ ಮೂಗು ಮಾತ್ರ ಫೋಟೋದಲ್ಲಿ ಊರಗಲ ಬಂದಿದೆ.

ಕಾರ್ಖಾನೆಗೆ ಲೀಡ್ಸ್ ನಗರದ ಅಂಗಡಿಗಳಿಂದ ದೊಡ್ಡ ಆರ್ಡರ್ ಬಂದಿದೆ, ವಸಂತದವರೆಗೆ ಕೆಲಸವಿದೆ. ಮೋಯಾ ಈಗ ಹನ್ನೆರಡು ಹುಡುಗಿಯರ ಮೇಲ್ವಿಚಾರಕಿ. ಮನೆಯಲ್ಲೂ ನಮ್ಮ ಮೇಲೆ ಮೇಲ್ವಿಚಾರಣೆ ನಡೆಸುತ್ತಾಳೆ.

ನಿನ್ನ ಪತ್ರದ ಕೊನೆಯ ಭಾಗದ ಬಗ್ಗೆ ಜಗಳವಾಡುವುದಿಲ್ಲ. ನೀನು ಹೋದಾಗ ನನಗೆ ಇಪ್ಪತ್ನಾಲ್ಕು. ನಾನು ಸಂಸದನಾಗಿರಲಿಲ್ಲ.

ಮಲಾಕಿ

*

ಕಿಲ್‌ಡೆರೀನ್
29 ಅಕ್ಟೋಬರ್ 1964

ಅಕ್ಕ,

ನಿನ್ನ ಸರ್ಕಾರಕ್ಕೆ ಹತ್ತು ದಿನ ಸಾಕಾಯಿತು.

ಸೋಮವಾರ ರೇಡಿಯೋದಲ್ಲಿ ಕೇಳಿದೆವು. ಹೊರಗಿನಿಂದ ಬರುವ ತಯಾರಾದ ಸರಕಿಗೆಲ್ಲ ನೂರಕ್ಕೆ ಹದಿನೈದು ಹೆಚ್ಚುವರಿ ಸುಂಕ. ನಮಗೆ ಒಂದು ಮಾತು ಮೊದಲೇ ಹೇಳಲಿಲ್ಲ. ವ್ಯಾಪಾರದ ಒಪ್ಪಂದವಿದೆ, ಸಹಿಗಳಿವೆ, ಅದೆಲ್ಲ ಯಾವ ಡ್ರಾಯರಿನಲ್ಲಿ ಕೊಳೆಯುತ್ತಿದೆಯೋ. ದನ, ಬೆಣ್ಣೆ, ಮಾಂಸಕ್ಕೆ ಸುಂಕವಿಲ್ಲ. ಅವರಿಗೆ ತಿನ್ನಲು ಬೇಕಲ್ಲ. ಹಾಗಾಗಿ ದನ ಸಾಕುವ ಕ್ಷೇತ್ರದ ಸಂಸದರೆಲ್ಲ ಮೊಗಸಾಲೆಯಲ್ಲಿ ಆರಾಮಾಗಿ ಪೈಪು ಸೇದುತ್ತಿದ್ದಾರೆ. ಏಟು ಬಿದ್ದಿರುವುದು ನಮ್ಮಂಥ ಒಂದೇ ಕಾರ್ಖಾನೆಯ ಊರಿಗೆ.

ಲೀಡ್ಸ್‌ನವರು ಮಂಗಳವಾರ ತಂತಿ ಕಳಿಸಿದರು, ಆರ್ಡರ್ ರದ್ದು. ಬುಧವಾರ ಮ್ಯಾನೇಜರ್ ಕಾಸ್ಟಿಗನ್ ಗೇಟಿನಲ್ಲಿ ಪಟ್ಟಿ ಅಂಟಿಸಿದ. ನೂರಾ ನಲವತ್ತರಲ್ಲಿ ಎಂಬತ್ತಾರು ಹೆಸರು, ಹೆಚ್ಚಿನವರು ಹೆಂಗಸರು.

ಸಂಜೆ ಆ ಹೆಂಗಸರು ನಮ್ಮ ಮನೆ ಮುಂದೆ ಬಂದು ನಿಂತರು. ಕೈಯಲ್ಲಿ ನನ್ನ ಫೋಟೋ ಇದ್ದ ಆ ಪತ್ರಿಕೆ. "ಟೂಹಿ ಮೇಷ್ಟ್ರೇ, ಚಪ್ಪಾಳೆ ತಟ್ಟಿಸಿಕೊಂಡ್ರಲ್ಲ, ಈಗ ಇದನ್ನ ಓದಿ ಹೇಳಿ ನಮಗೆ" ಎಂದಳೊಬ್ಬಳು. ಶಾಲೆಯಲ್ಲಿ ನಾನು ಪಾಠ ಹೇಳಿಕೊಟ್ಟವಳು ಅವಳು. ಪತ್ರಿಕೆಯನ್ನು ನಮ್ಮ ಗೇಟಿನ ಮೊಳೆಗೆ ಚುಚ್ಚಿ ಹೋದಳು.

ನಾನು ಬೇಲಿ ಹತ್ತಿರ ಹೋಗಿ ಮಾತಾಡಿಸಿದ್ದಕ್ಕೆ ಹೊಸ ನೆರೆಯವರು ಕಸ ಎಸೆದಿದ್ದಾರೆ, ಅಕ್ಕ. ಆರು ವಾರ ಬೀದಿ ಅಲೆದು ಇವರನ್ನು ಕೂರಿಸಿದೆಯಲ್ಲ, ನಿನ್ನ ಪೆಗ್ಲರ್‌ನನ್ನು ಕೇಳು, ಎಂಬತ್ತಾರು ಮನೆಗೆ ನಾನು ಏನು ಹೇಳಲಿ?

ಮಲಾಕಿ

*

ಬರ್ಮಿಂಗ್‌ಹ್ಯಾಮ್
4 ನವೆಂಬರ್ 1964

ಮಲಾಕಿ,

ಸುಂಕ ಹಾಕಿದ್ದು ನಾನಲ್ಲ. ನಾನು ಹನ್ನೊಂದನೇ ನಂಬರ್ ಬಸ್ಸಿನ ಕಂಡಕ್ಟರ್.

ನಿನ್ನ ಪತ್ರ ಓದಿ ಅದೇ ಸಂಜೆ ವಾರ್ಡ್ ಸಭೆಗೆ ಹೋಗಿ ಎದ್ದು ನಿಂತು ಕೇಳಿದೆ. ಐರ್ಲೆಂಡಿನ ಜೊತೆ ಒಪ್ಪಂದ ಇದೆಯಲ್ಲ, ಅವರನ್ನ ಸುಂಕದಿಂದ ಯಾಕೆ ಬಿಡ್ಲಿಲ್ಲ ಅಂತ. "ಖಜಾನೆ ಖಾಲಿ ಮಾಡಿಟ್ಟು ಹೋಗಿದಾರೆ ಹಿಂದಿನವರು, ಎಲ್ಲ ದೇಶಕ್ಕೂ ಹಾಕಿರೋದು, ಇದು ಆ ಮಾತಾಡೋ ಹೊತ್ತಲ್ಲ" ಅಂದ ಪೆಗ್ಲರ್. ಯಾವುದಪ್ಪಾ ಆ ಹೊತ್ತು ಅಂದೆ. ಕೂತ್ಕೊಳಿ ಅಂದ್ರು. ಕೂರ್ಲಿಲ್ಲ. ಸಭೆ ಮುಗಿಯೋವರೆಗೂ ನಿಂತೇ ಇದ್ದೆ.

ಇದು ನಾನು ಮಾಡಿದ್ದು. ನೀನೇನು ಮಾಡಿದೆ? ಒಂದು ಊರಿಗೆ ಒಂದೇ ಕಾರ್ಖಾನೆ, ಆ ಕಾರ್ಖಾನೆಗೆ ಒಂದೇ ದೇಶದ ಗಿರಾಕಿ, ಇದನ್ನ ನಲವತ್ತು ವರ್ಷ ಹಾಗೇ ಬಿಟ್ಟಿದ್ದು ಪೆಗ್ಲರ್ ಅಲ್ಲ. ನಿಮ್ಮ ಸದನ. ಕೋಪ ಬಂದಾಗ ಸಮುದ್ರದ ಈ ಕಡೆ ತಿರುಗಿ ಕೂಗೋದು ಸುಲಭ. ಪಕ್ಕದ ಬೆಂಚಿನವನ ಮುಖ ನೋಡ್ಬೇಕಾಗಲ್ಲ.

ಮೋಯಾ ಹೆಸರೇ ಇಲ್ಲವಲ್ಲ ನಿನ್ನ ಪತ್ರದಲ್ಲಿ. ಆ ಪಟ್ಟಿಯಲ್ಲಿ ಇದಾಳಾ? ಅದನ್ನ ಮೊದಲು ಬರಿ.

ಡಿಂಪ್ನಾ

*

ಡಬ್ಲಿನ್
13 ನವೆಂಬರ್ 1964

ಅಕ್ಕ,

ನಿನ್ನೆ ಸದನದಲ್ಲಿ ಮಾತಾಡಿದೆ. ಹನ್ನೆರಡು ನಿಮಿಷ. ಮೂರು ವರ್ಷದಲ್ಲಿ ಮೊದಲ ಸಲ ಎರಡೂ ಕಡೆಯವರು ಪತ್ರಿಕೆ ಮಡಚಿಟ್ಟು ಕೇಳಿದರು. ನಮ್ಮ ಪಕ್ಷದ ನಾಯಕರು ಹೊರಗೆ ಬಂದು ಕೈ ಕುಲುಕಿದರು. ಬ್ರಿಟನ್ನಿನ ಹೊಸಬರ ಬಣ್ಣ ಬಯಲು ಮಾಡಲು ನನಗೊಂದು ಕಣ್ಣಾರೆ ಕಂಡ ಸಾಕ್ಷಿ ಬೇಕಿತ್ತು. ನೀನು ಬರೆದದ್ದರಲ್ಲಿ ಸ್ವಲ್ಪ ಬಳಸಿಕೊಂಡೆ. ಹೆಸರು ಹೇಳಿಲ್ಲ, ಚಿಂತೆ ಬೇಡ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.

ಆತುರದಲ್ಲಿ,
ಮಲಾಕಿ

*

ಬರ್ಮಿಂಗ್‌ಹ್ಯಾಮ್
23 ನವೆಂಬರ್ 1964

ಮಲಾಕಿ ಟೂಹಿ ಅವರಿಗೆ,

ನಿನ್ನೆ ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬಂದೆ. ಮೆಟ್ಟಿಲ ಹತ್ರ ನಮ್ಮ ಕಡೆಯ ಪತ್ರಿಕೆಗಳನ್ನ ಮಾರ್ತಾರೆ. ಕಿಲ್‌ಡೆರೀನ್ ವಾರಪತ್ರಿಕೆಯ ಮೊದಲ ಪುಟದಲ್ಲಿ ನನ್ನ ಮಾತು. "ಬರ್ಮಿಂಗ್‌ಹ್ಯಾಮಿನಲ್ಲಿ ಬಸ್ ಕಂಡಕ್ಟರ್ ಆಗಿರುವ, ನಮ್ಮೂರಿನಲ್ಲೇ ಹುಟ್ಟಿದ ಒಬ್ಬ ವಿಧವೆ" ಅಂತ ಹೇಳಿದೀಯ. ಹೆಸರು ಹೇಳಿಲ್ಲವಂತೆ. ಈ ಊರಲ್ಲಿ ಕಿಲ್‌ಡೆರೀನ್‌ನ ಎಷ್ಟು ವಿಧವೆಯರು ಬಸ್ಸಲ್ಲಿ ಟಿಕೆಟ್ ಹರೀತಾರೆ ಅಂದ್ಕೊಂಡಿದೀಯ?

ಮುಖದ ಮೇಲೆ ಹಾಕಿದ ಬಾಗಿಲು, ಪೆಗ್ಲರ್ ಹೆಸರು, ಜೋನ್ ಹೆಸರು, ಎಲ್ಲ ಇದೆ. ಬಾಯಿ ಮುಚ್ಕೊಂಡು ಕಾಗದ ಹಿಡ್ಕೊಂಡಿದ್ದೆ ಅನ್ನೋದೂ ಇದೆ. ಅದನ್ನ ನಾನು ನನ್ನ ತಮ್ಮನಿಗೆ ಹೇಳಿದ್ದೆ. ಸದನಕ್ಕಲ್ಲ. ಆ ಮೂರು ವಾರದ ನಾಚಿಕೆಯನ್ನ ನಾನು ಇಲ್ಲಿ ಯಾರ ಮುಂದೂ ಬಿಚ್ಚಿರಲಿಲ್ಲ, ಗೊತ್ತಾ? ಜೋನ್ ಮುಂದೂ ಇಲ್ಲ. ಜೋನ್ ಒಳ್ಳೆಯವಳು, ಅವಳ ಕಣ್ಣಲ್ಲಿ ನಾನೀಗ ಬೆನ್ನ ಹಿಂದೆ ಚಾಡಿ ಬರೆಯೋಳು.

ಈ ಬೆಳಿಗ್ಗೆ ಗ್ಯಾರೇಜಿಗೆ ಹೋದ್ರೆ ಟೀ ಕುಡಿಯೋ ರೂಮಿನ ಬೋರ್ಡಿಗೆ ಯಾರೋ ಆ ಪುಟ ಕತ್ತರಿಸಿ ಅಂಟಿಸಿದ್ರು. ನನ್ನ ಜೊತೆ ಡ್ರೈವರ್ ಆಗಿರೋ ಜಮೈಕಾದ ಬೆಕ್‌ಫರ್ಡ್ ಅದನ್ನ ಕಿತ್ತು ಮಡಚಿ ನನ್ನ ಕೈಗೆ ಕೊಟ್ಟ. "ಮಿಸೆಸ್ ಹ್ಯಾಲಮ್, ನನ್ನನ್ನ ಕಾಗದ ಹಿಡ್ಕೊಳ್ಳೋಕೂ ಕರೀಲಿಲ್ಲ" ಅಂದ. ಅಷ್ಟೇ ಅಂದು ಬಸ್ ತೆಗೆಯೋಕೆ ಹೋದ. ಮಧ್ಯಾಹ್ನ ಪೆಗ್ಲರ್ ಬಂದು, ವಾರ್ಡ್ ಸಮಿತಿಯಲ್ಲಿ ನೀವು ಸದ್ಯಕ್ಕೆ ಬೇಡ ಅಂತ ತೀರ್ಮಾನ ಆಗಿದೆ ಅಂದ. ನನ್ನನ್ನ ಕೇಳದೇ ಆದ ತೀರ್ಮಾನ. ನೀನೂ ಕೇಳ್ಲಿಲ್ಲ, ಅವನೂ ಕೇಳ್ಲಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿದಿದ್ದು ಯಾವುದಕ್ಕೆ ಅಂತ ಹೇಳ್ತೀನಿ. ನೀನು ಅರ್ಧ ಓದಿದೆ. ಅವರ ಮುಖಕ್ಕೆ ಮಸಿ ಬಳಿಯೋ ಅರ್ಧ. ಸ್ಟೇಷನ್ನಿನ ಹನ್ನೊಂದು ಹುಡುಗೀರು ಎಲ್ಲಿ ಹೋದ್ರು? ಟೋಪಿ ಎತ್ತಿದ ಸಂಸದ ಎಲ್ಲಿ ಹೋದ? ಅಲ್ಲಿಗೆ ಬಂದಾಗ ನಿನ್ನ ಕನ್ನಡಕ ಮಂಜಾಯ್ತಾ?

ಅದೇ ಜಾಗದಲ್ಲಿ ನಿಂತು ಉಳಿದ ಅರ್ಧ ಓದು. ಅಲ್ಲೀವರೆಗೂ ನನಗೆ ಬರೀಬೇಡ.

ಡಿಂಪ್ನಾ ಹ್ಯಾಲಮ್

*

ಕಿಲ್‌ಡೆರೀನ್
15 ಡಿಸೆಂಬರ್ 1964

ಅಕ್ಕ,

ಬರೆಯಬೇಡವೆಂದೆ. ಬರೆಯುತ್ತಿದ್ದೇನೆ, ಕಾರಣವಿದೆ. ಮೊದಲು ನಿನ್ನ ಮಾತಿಗೆ ಉತ್ತರ.

ನಾನು ಓದಿದ್ದು ಆ ಎಂಬತ್ತಾರು ಮಂದಿಗಾಗಿ. ಗೇಟಿಗೆ ಪತ್ರಿಕೆ ಚುಚ್ಚಿದವಳೇ ಈಗ ಬೀದಿಯಲ್ಲಿ ನಿಂತು ಮಾತಾಡಿಸುತ್ತಾಳೆ. ನಮ್ಮ ಮಂತ್ರಿಗಳು ಲಂಡನ್ನಿಗೆ ಹೋಗಿ ಬಂದರು, ಬರಿಗೈಯಲ್ಲಿ. ಇಂಥ ಹೊತ್ತಿನಲ್ಲಿ ನಾನು ಎದ್ದು ನಿಂತು ತಪ್ಪು ನಮ್ಮದೂ ಹೌದು ಎಂದರೆ ಲಂಡನ್ನಿನವರು ಅದನ್ನೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಎದುರಿನವನ ಕೈಗೆ ದೊಣ್ಣೆ ಕೊಡುವುದು ರಾಜಕೀಯವಲ್ಲ. ನಿನ್ನ ಸಮಿತಿ ಹೋಯಿತು, ವಿಷಾದವಿದೆ. ಇಲ್ಲಿ ಊಟ ಹೋಗಿದೆ.

ಇದಿಷ್ಟು ಉತ್ತರ. ಇನ್ನು ಕಾರಣ.

ಮೋಯಾ ಮನೆಯಲ್ಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರಿತ್ತು. ನಿನಗೆ ಬರೆಯಲಿಲ್ಲ. ನವೆಂಬರ್ ಒಂಬತ್ತರಂದು ನಾನು ಡಬ್ಲಿನ್‌ಗೆ ಹೊರಟ ಮೇಲೆ ಪೆಟ್ಟಿಗೆ ತೆಗೆದುಕೊಂಡು ಹೋಗಿದ್ದಾಳೆ. ಐಲೀಶ್‌ಗೆ, "ಕ್ಷೇಮವಾಗಿದ್ದೇನೆ, ಹುಡುಕಬೇಡಿ" ಎಂದು ಒಂದು ಕಾರ್ಡ್ ಬಂತು. ಅಂಚೆಯ ಮುದ್ರೆ ಅಳಿಸಿಹೋಗಿತ್ತು. ಡಬ್ಲಿನ್ನಿನಲ್ಲಿ ಗೆಳತಿಯ ಮನೆಯಲ್ಲಿದ್ದಾಳೆಂದು ಊರಿಗೆಲ್ಲ ಹೇಳಿದ್ದೇನೆ. ಡಬ್ಲಿನ್ನಿನಲ್ಲಿ ನಾನು ಹುಡುಕದ ಬೀದಿಯಿಲ್ಲ. ಸದನದಲ್ಲಿ ಆ ಹನ್ನೆರಡು ನಿಮಿಷ ಮಾತಾಡಿದ ದಿನ ಅವಳು ಹೋಗಿ ಮೂರು ದಿನವಾಗಿತ್ತು, ನನಗದು ಗೊತ್ತಿತ್ತು. ಐಲೀಶ್ ತಟ್ಟೆಯ ಮುಂದೆ ಕುಳಿತು ಏಳುತ್ತಾಳೆ, ತಿನ್ನುವುದಿಲ್ಲ.

ನಿನಗೇನಾದರೂ ಬರೆದಿದ್ದಾಳೆಯೇ? ನನ್ನ ಮೇಲಿನ ಕೋಪಕ್ಕೆ ಇದನ್ನು ಮುಚ್ಚಿಡಬೇಡ.

ಮಲಾಕಿ

*

ಬರ್ಮಿಂಗ್‌ಹ್ಯಾಮ್
19 ಡಿಸೆಂಬರ್ 1964

ಮಲಾಕಿ,

ಇಲ್ಲಿದಾಳೆ. ನವೆಂಬರ್ ಹತ್ತರಿಂದ ಇಲ್ಲೇ ಇದಾಳೆ. ಐಲೀಶ್‌ಗೆ ಈಗಲೇ ಹೋಗಿ ಹೇಳು, ಆಮೇಲೆ ಬಂದು ಉಳಿದದ್ದು ಓದು.

ಹಡಗಿಳಿದು, ರೈಲಿಳಿದು, ಒದ್ದೆ ಕೋಟಲ್ಲಿ ಬಾಗಿಲಲ್ಲಿ ನಿಂತಿದ್ಲು. "ಅತ್ತೆ, ಅಪ್ಪನಿಗೆ ಬರೆಯಲ್ಲ ಅಂತ ಆಣೆ ಹಾಕಿದ್ರೆ ಒಳಗೆ ಬರ್ತೀನಿ, ಇಲ್ಲಾಂದ್ರೆ ಬೇರೆ ಎಲ್ಲಾದ್ರೂ ಹೋಗ್ತೀನಿ" ಅಂದ್ಲು. ವಾಲ್ಟರ್ ಮೇಲೆ ಆಣೆ ಹಾಕಿದೆ. ನಿನಗೆ ಸಿಟ್ಟಿನ ಪತ್ರ ಬರೆದ ದಿನ ಅವಳು ಮೇಜಿನ ಆ ಕಡೆ ಆಲೂಗಡ್ಡೆ ಸಿಪ್ಪೆ ತೆಗೀತಾ ಕೂತಿದ್ಲು. ಈವತ್ತು ಆಣೆ ಮುರೀತಿರೋದು ಐಲೀಶ್ ತಟ್ಟೆಗೋಸ್ಕರ, ನಿನಗೋಸ್ಕರ ಅಲ್ಲ. ಅವಳಿಗೆ ಹೇಳಿಯೇ ಮುರಿದೆ. ಇನ್ನೂ ನನ್ನ ಜೊತೆ ಮಾತಾಡ್ತಿಲ್ಲ.

ಯಾಕೆ ಬಂದೆ ಅಂತ ಕೇಳ್ದಾಗ ಏನಂದ್ಲು ಗೊತ್ತಾ? ನಿನಗೆ ಗೊತ್ತಿರಬೇಕು, ನೀನು ಅಲ್ಲಿದ್ದೆ. "ಪಟ್ಟಿ ನೋಡಿ ಮನೆಗೆ ಬಂದು, ಅಪ್ಪಾ, ನನ್ನ ಕೆಲಸ ಹೋಯ್ತು ಅಂದೆ ಅತ್ತೆ. ಅಪ್ಪ ಜೇಬಿಂದ ಪೆನ್ಸಿಲ್ ತೆಗೆದು, ಒಟ್ಟು ಎಷ್ಟು ಜನ ಅಂತ ಕೇಳಿದ್ರು. ಎಂಬತ್ತಾರು ಅಂದೆ. ಬರ್ಕೊಂಡ್ರು. ನಿನ್ನನ್ನ ಸೇರಿಸಿಯಾ ಬಿಟ್ಟಾ ಅಂತ ಕೇಳಿದ್ರು."

ನಾನು ಇದನ್ನ ಇನ್ನೊಂದು ಸಲ ಬರೆಯಲ್ಲ. ಮೇಲಿನ ಸಾಲಿಗೆ ಹೋಗಿ ನೀನೇ ಇನ್ನೊಂದು ಸಲ ಓದು.

ಆಮೇಲೆ ಸದನದಲ್ಲಿ ಎದ್ದು, "ನಮ್ಮ ಹೆಣ್ಣುಮಕ್ಕಳನ್ನ ಬ್ರಿಟನ್ ಮನೆಯಿಂದ ಎಬ್ಬಿಸುತ್ತಿದೆ" ಅಂದೆ. ಪತ್ರಿಕೆಯಲ್ಲಿ ಅದನ್ನ ಅವಳೇ ನನಗೆ ಓದಿ ಹೇಳಿದ್ದು. ಓದಿ, ನಗೋಕೆ ಶುರು ಮಾಡಿದ್ಲು. ನಿಲ್ಲಿಸೋಕೆ ಆಗ್ಲಿಲ್ಲ ಅವಳಿಗೆ. ನೀರು ಕುಡಿಸಬೇಕಾಯ್ತು.

ಬಂದು ಕರ್ಕೊಂಡು ಹೋಗೋ ಯೋಚನೆ ಮಾಡ್ಬೇಡ. ನೀನು ಬಂದ್ರೆ ಅವಳು ಹಿಂದಿನ ಬಾಗಿಲಿಂದ ಹೋಗ್ತಾಳೆ. ನಾನು ತಡೆಯಲ್ಲ.

ಡಿಂಪ್ನಾ

*

ಕಿಲ್‌ಡೆರೀನ್
22 ಮಾರ್ಚ್ 1965

ಅಕ್ಕ,

ಮೂರು ತಿಂಗಳು ಏನು ಬರೆಯಬೇಕೆಂದು ತಿಳಿಯಲಿಲ್ಲ. ಪೆನ್ಸಿಲಿನ ವಿಷಯ ನಿಜ. ಅದಕ್ಕೆ ವಿವರಣೆ ಬರೆದು ಬರೆದು ಹರಿದೆ. ಆ ಗಳಿಗೆ ನನ್ನೆದುರು ನಿಂತವಳು ನನಗೆ ಕಾಣಲಿಲ್ಲ, ಭಾಷಣ ಕಂಡಿತು. ಅಷ್ಟೇ.

ಕಳೆದ ತಿಂಗಳು ವಿದೇಶ ವ್ಯಾಪಾರದ ಮೇಲೆ ಚರ್ಚೆಯಿತ್ತು. ಪಕ್ಷದವರು ನನ್ನ ಹೆಸರು ತಾವಾಗಿಯೇ ಹಾಕಿದ್ದರು, ನವೆಂಬರಿನ ಹಾಗೇ ಇನ್ನೊಮ್ಮೆ ಬಾರಿಸಲಿ ಎಂದು. ಎದ್ದು ನಿಂತೆ. "ಹಿಂದೆ ಇದೇ ಜಾಗದಲ್ಲಿ ಒಂದು ಪತ್ರ ಓದಿದ್ದೆ. ಅದು ನನ್ನ ಅಕ್ಕನದು. ಅವಳನ್ನು ಕೇಳದೆ ಓದಿದ್ದೆ, ಅದರಲ್ಲೂ ಅರ್ಧ ಮಾತ್ರ. ಉಳಿದದ್ದನ್ನು ಓದುತ್ತೇನೆ" ಎಂದೆ.

ಸಭಾಧ್ಯಕ್ಷರು, "ಇದಕ್ಕೂ ಚರ್ಚೆಗೂ ಏನು ಸಂಬಂಧ?" ಎಂದರು.

"ಸಂಬಂಧ ಇದೆಯೋ ಇಲ್ಲವೋ ಕೇಳಿ ಹೇಳಿ" ಎಂದು ಓದಲು ಶುರುಮಾಡಿದೆ. ಪ್ಲಾಟ್‌ಫಾರ್ಮಿನ ಹನ್ನೊಂದು ಹುಡುಗಿಯರು ಬಂದಾಗ ಎದುರು ಬೆಂಚುಗಳಲ್ಲಿ ಗುಜುಗುಜು. ಟೋಪಿ ಎತ್ತಿದ ಸಂಸದರು ನಮ್ಮ ಪಕ್ಷದವರೇ ಆಗಿದ್ದರಲ್ಲ, ಈಗಿಲ್ಲ, ಅವರ ಮಗ ನನ್ನ ಮುಂದಿನ ಸಾಲಿನಲ್ಲಿದ್ದಾನೆ. ತಿರುಗಿ ನೋಡಿದ. ಎದುರಿನವರಿಗೆ ಖುಷಿಯಾಯಿತು, "ಓದಿ ಓದಿ" ಎಂದರು. ಆ ಕಡೆಯವರಾಗಲಿ ಈ ಕಡೆಯವರಾಗಲಿ ಎಂಬ ಮಾತು ಬಂದಾಗ ಅವರ ಖುಷಿಯೂ ಇಳಿಯಿತು. ದನದ ಕ್ಷೇತ್ರದವನೊಬ್ಬ, "ನಿಮ್ಮನೆ ಜಗಳ ಇಲ್ಲಿಗ್ಯಾಕ್ರೀ ತರ್ತೀರಿ, ಮೇಷ್ಟ್ರೇ?" ಎಂದ.

"ಇದು ಯಾರ ಮನೇಲಿಲ್ಲ ಹೇಳ್ರೀ" ಎಂದೆ. "ನಿಮ್ಮ ತಮ್ಮಂದಿರು ಮೂವರೂ ಎಲ್ಲಿದಾರೆ? ಕವೆಂಟ್ರಿಯಲ್ಲಲ್ವಾ?"

ನಮ್ಮವನೊಬ್ಬ ಹಿಂದಿನಿಂದ ಕೋಟು ಹಿಡಿದೆಳೆದ. "ಕೂತ್ಕೊಳಪ್ಪಾ, ಚುನಾವಣೆ ತಲೆ ಮೇಲಿದೆ" ಎಂದು ಪಿಸುಗುಟ್ಟಿದ. ನಾನು ಪತ್ರ ಮುಗಿಸಿದೆ. ಮುಗಿಸಿ, ನನ್ನ ಮಗಳ ವಿಷಯವನ್ನೂ ಹೇಳಿಬಿಟ್ಟೆ. ಲಂಡನ್ನಿನ ಸುಂಕ ಅವಳ ಕೆಲಸ ಕಿತ್ತುಕೊಂಡಿದ್ದು ನಿಜ, ಆ ಸುಂಕ ಅನ್ಯಾಯವೆಂದು ಇವತ್ತೂ ಹೇಳುತ್ತೇನೆ, ಆದರೆ ಅವಳನ್ನು ಮನೆಯಿಂದ ಎಬ್ಬಿಸಿದ್ದು ನಾನು ಎಂದೆ. ಡಬ್ಲಿನ್ನಿನಲ್ಲಿ ಗೆಳತಿಯ ಮನೆಯಲ್ಲಿದ್ದಾಳೆಂದು ಊರಿಗೆ ಸುಳ್ಳು ಹೇಳಿದ್ದೆ ಎಂದೂ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಭಾಧ್ಯಕ್ಷರು ಮುಂದಿನವರ ಹೆಸರು ಕರೆದರು.

ಈಗ ಸದನ ವಿಸರ್ಜನೆಯಾಗಿದೆ. ಏಪ್ರಿಲ್ ಏಳಕ್ಕೆ ಮತದಾನ. ಪಕ್ಷ ಟಿಕೆಟ್ ಕೊಟ್ಟಿಲ್ಲ. ಟೋಪಿಯವರ ಮಗನ ಭಾವಮೈದ ನಿಲ್ಲುತ್ತಾನಂತೆ. ನಾನು ಶಾಲೆಗೆ ವಾಪಸ್ಸಾಗುತ್ತೇನೆ.

ಕಲಾಪದ ಅಚ್ಚಾದ ವರದಿ ಇದರ ಜೊತೆಗಿದೆ. ನಿನ್ನ ಮಾತು ಒಂದಕ್ಷರ ಬಿಡದೆ ಇದೆ. ನವೆಂಬರಿನದನ್ನು ಅಳಿಸಲಾಗುವುದಿಲ್ಲ, ಕೇಳಿ ನೋಡಿದೆ. ಎರಡೂ ಇರುತ್ತವೆ.

ಪೆಗ್ಲರನಿಗೂ ಜೋನ್‌ಗೂ ಕ್ಷಮೆ ಕೋರಿ ನಾನೇ ಬೇರೆ ಪತ್ರ ಹಾಕಿದ್ದೇನೆ.

ಮಲಾಕಿ

*

ಕಿಲ್‌ಡೆರೀನ್
29 ಏಪ್ರಿಲ್ 1965

ಅಕ್ಕ,

ಸುಂಕ ಹದಿನೈದರಿಂದ ಹತ್ತಕ್ಕೆ ಇಳಿದಿದೆ, ನಿನಗೆ ಗೊತ್ತಿರುತ್ತದೆ. ಹತ್ತಕ್ಕಿಳಿಸಿದ್ದಕ್ಕೆ ಕೃತಜ್ಞತೆ ಹೇಳಬೇಕಂತೆ, ಇಲ್ಲಿ ಕೆಲವರ ಮಾತು. ನನ್ನ ಬಾಯಲ್ಲಿ ಬರುವುದಿಲ್ಲ. ಕಾಸ್ಟಿಗನ್ ಮೂವತ್ತು ಮಂದಿಯನ್ನು ವಾಪಸ್ ಕರೆಯುತ್ತಿದ್ದಾನೆ. ಮೋಯಾಳಿಗೂ ಪತ್ರ ಬಂದಿದೆ. ಇದರ ಜೊತೆ ಇಟ್ಟಿದ್ದೇನೆ. ನಾನು ಏನೂ ಹೇಳುವುದಿಲ್ಲ, ಅವಳ ಕೈಗೆ ಕೊಡು.

ಶಾಲೆಯಲ್ಲಿ ಮೂರನೇ ತರಗತಿ ಕೊಟ್ಟಿದ್ದಾರೆ. ಭೂಪಟ ಬಿಡಿಸಿ ಇಂಗ್ಲೆಂಡ್ ತೋರಿಸಿ, ಅಲ್ಲಿ ಯಾರ ಮನೆಯವರಿದ್ದಾರೆ ಎಂದೆ. ಕೈ ಎತ್ತದ ಮಕ್ಕಳನ್ನು ಎಣಿಸುವುದು ಸುಲಭವಿತ್ತು. ಮೂರು ವರ್ಷ ಸದನದಲ್ಲಿ ಕುಳಿತಿದ್ದೆ, ಈ ಪ್ರಶ್ನೆಯನ್ನು ಅಲ್ಲಿ ಕೇಳಬಹುದೆಂದು ಹೊಳೆಯಲಿಲ್ಲ.

ಐಲೀಶ್ ಕೇಳುತ್ತಿದ್ದಾಳೆ, ಅಲ್ಲಿ ಮಲಗಲು ಬೆಚ್ಚಗಿದೆಯೇ ಎಂದು.

ಮಲಾಕಿ

*

ಬರ್ಮಿಂಗ್‌ಹ್ಯಾಮ್
6 ಮೇ 1965

ಮಲಾಕಿ,

ಬೆಚ್ಚಗಿದೆ ಅಂತ ಐಲೀಶ್‌ಗೆ ಹೇಳು. ಹಿಂದಿನ ರೂಮಿಗೆ ಹೀಟರ್ ಹಾಕಿಸಿದೀನಿ.

ಕಾರ್ಖಾನೆ ಪತ್ರವನ್ನ ಮೋಯಾ ಕೈಗೆ ಕೊಟ್ಟೆ. ನಿಂತೇ ಓದಿದ್ಲು. "ತಾತ್ಕಾಲಿಕ ಅಂತ ಬರೆದಿದಾರೆ ಅತ್ತೆ. ಹಿಂದಿನ ಸಲ ಇದನ್ನ ಬರೆಯದೇನೇ ಮಾಡಿದ್ರು, ಈ ಸಲ ಬರೆದಾದ್ರೂ ಹೇಳಿದಾರೆ" ಅಂದು ಕೆಲಸಕ್ಕೆ ಹೋದ್ಲು. ಅವಳಿಗೂ ಬಸ್ಸಲ್ಲಿ ಕೆಲಸ ಸಿಕ್ಕಿ ಎರಡು ತಿಂಗಳಾಯ್ತು. ಬೆಕ್‌ಫರ್ಡ್ ಡ್ರೈವರ್, ಇವಳು ಕಂಡಕ್ಟರ್. ಮೊನ್ನೆ ಒಬ್ಬ ಗಂಡಸು ಇವರಿಬ್ಬರನ್ನೂ ನೋಡಿ, "ಈ ಬಸ್ಸಲ್ಲಿ ಇಂಗ್ಲೆಂಡಿನವರು ಯಾರೂ ಇಲ್ವಾ?" ಅಂದನಂತೆ. "ನೀವಿದೀರಲ್ಲ ಸರ್, ಟಿಕೆಟ್ ತಗೊಳಿ" ಅಂದ್ಲಂತೆ.

ನೀನು ಕಳಿಸಿದ ವರದಿಯನ್ನ ವಾರ್ಡ್ ಸಭೆಗೆ ತಗೊಂಡು ಹೋಗಿದ್ದೆ. ಯಾರೂ ಕರೆದಿರ್ಲಿಲ್ಲ. ಮೇಜಿನ ಮೇಲಿಟ್ಟು, ನನ್ನ ತಮ್ಮ ತನ್ನ ಪಕ್ಷದ ಮುಂದೆ ಹೇಳಬೇಕಾದ್ದನ್ನ ಹೇಳಿ ಸೀಟು ಕಳ್ಕೊಂಡ, ಈಗ ನೀವು ಹೇಳಿ, ಆ ದಿನ ಮೆಟ್ಟಿಲ ಮೇಲೆ ನನಗೆ ಬಾಯಿ ಮುಚ್ಚು ಅಂದಿದ್ದು ಸರೀನಾ ಅಂತ ಕೇಳಿದೆ. ಪೆಗ್ಲರ್ ಕಿವಿ ಕೆಂಪಾಯ್ತು.  ನಿನ್ನ ಪತ್ರ ಬಂದಿದೆ ಅಂದ, ಅಷ್ಟೇ. ಜೋನ್ ಎದ್ದು ಬಂದು ನನ್ನ ಪಕ್ಕ ಕೂತ್ಲು. ಸಮಿತಿಗೆ ವಾಪಸ್ ತಗೊಂಡಿಲ್ಲ. ಮುಂದಿನ ಸಭೆಗೂ ಹೋಗ್ತೀನಿ, ಬಾಗಿಲು ಹಾಕೋ ಧೈರ್ಯ ಇದ್ರೆ ಹಾಕ್ಲಿ.

ನನ್ನ ಕೋಪ ಹೋಗಿದೆ ಅಂತ ತಿಳ್ಕೋಬೇಡ. ಕೇಳದೇ ಓದಿದೆ ನೀನು. ಅದು ನನ್ನ ಮನಸ್ಸಲ್ಲಿ ಇರುತ್ತೆ, ನಿನ್ನ ವರದಿಯಲ್ಲಿ ಎರಡೂ ಇದೆಯಲ್ಲ, ಹಾಗೆ.

ನೀನು ಸದನದಲ್ಲಿ ಹೇಳಿದ್ದನ್ನ ಮೋಯಾ ಈ ಅಡುಗೆಮನೆಯಲ್ಲೇ ಕೂತು ಎರಡು ಸಲ ಓದಿದ್ಲು.  ನಿನ್ನೆ ಸಂಜೆ, "ಅಪ್ಪ ಓದಿದ್ದು ನಿಮ್ಮ ಪತ್ರ ಅತ್ತೆ. ನನ್ನ ಕಥೇನ ಅವರೇ ಹೇಳಿಬಿಟ್ರು. ಅದನ್ನ ನಾನು ಹೇಳಬೇಕಿತ್ತು" ಅಂದು ಕಾಗದ ತಗೊಂಡು ಕೂತ್ಲು. ಮೂರು ಗಂಟೆ ಬರೆದ್ಲು. ಮಧ್ಯೆ ಮಧ್ಯೆ ಜೋರಾಗಿ ಗೆರೆ ಎಳೆದು ಹೊಡೆದು ಹಾಕಿದ್ದು ಕೇಳಿಸ್ತಿತ್ತು.

ಅದನ್ನ ಇದರ ಜೊತೆ ಕಳಿಸ್ತಿದೀನಿ. ಲಕೋಟೆ ಅಂಟಿಸಿ ಕೊಟ್ಟಿದಾಳೆ. ನಾನು ಓದಿಲ್ಲ. ಬಾಗಿಲು ಹಾಕ್ಕೊಂಡು ಕೂತು ಓದು, ಐಲೀಶ್‌ಗೆ ತೋರಿಸಬೇಕೋ ಬೇಡವೋ ಅಂತ ಮೋಯಾನ ಕೇಳು. ಕೈಯಲ್ಲಿ ಪೆನ್ಸಿಲ್ ಇಟ್ಕೋಬೇಡ. ಪೂರ್ತಿ ಓದು, ಗಟ್ಟಿಯಾಗಿ ಬೇಡ.

ಡಿಂಪ್ನಾ